ರಾಜಹಂಸಗಡದ ಏರಿನ್ಯಾಗ ಮುಂದಿನ ಗಾಲಿ ನೆಲ ಬಿಡತೈತಿ

ಟಿಳಕವಾಡಿ ಪೆಡಲ್:
ಹೋದ ದೀಪಾವಳಿಗೆ ಹಳೇ ರೋಡ್ ಸೈಕಲ್ ತಗೊಂಡೆ. ಫ್ರೇಮ್ 56 ಸೆಂ.ಮೀ., ನನ್ನ ಎತ್ತರ 5 ಅಡಿ 6 ಇಂಚು, ಅಂದ್ರ ನನಗ ದೊಡ್ಡದ. ಮಾರಿದಾಂವ "ಸೀಟ್ ಇಳಿಸಿದ್ರ ಮುಗೀತು" ಅಂದ, ನಾನೂ ನಂಬಿದೆ. ಯಳ್ಳೂರ ಮುಟ್ಟೂದ್ರಾಗ ಎರಡೂ ಕಿರುಬೆರಳು ಜೋಮು ಹಿಡೀತಿದ್ದುವು. ಹ್ಯಾಂಡಲ್ ಹಿಡಿಯೂ 110 ಮಿ.ಮೀ. ಸ್ಟೆಮ್ ತಗದು 80ರದ್ದು ಹಾಕಿದೆ, ಸೀಟೂ ಹಿಂದ ಸರಿಸಿದೆ. ಈಗ ಬೆರಳು ಅರಾಮ. ಆದ್ರ ಯಳ್ಳೂರ ಹತ್ರದ ರಾಜಹಂಸಗಡ ಕೋಟಿ ಕೆಳಗಿನ ಕಡೀ ಏರಿನ್ಯಾಗ ಮುಂದಿನ ಗಾಲಿ ಹಗೂರಾಗಿ ಅತ್ತಿತ್ತ ಹೊಳ್ಳತೈತಿ. ಮೊನ್ನೆ ಗಟಾರಕ್ಕ ಬೀಳೂದು ತಪ್ಪಿತು.

ವಿಜಯಪುರದಾಂವ:
ನೀವು ಮಾಡಿದ್ದು ಬಯಲಿಗೆ ಸೈ. 100 ಮೀಟರಿಗೆ 10 ಮೀಟರ್ ಏರೂ ಕಡೆ ಗಾಡಿ ಸುಮಾರು 6 ಡಿಗ್ರಿ ಹಿಂದಕ್ಕ ವಾಲ್ತದ. 73 ಡಿಗ್ರಿ ಸೀಟ್ ಟ್ಯೂಬ್ (ಸೀಟ್ ಹೊರೂ ಕೊಳವಿ) ಅಲ್ಲಿ 67 ಆದಂಗ, ಅಂದ್ರ ನಮ್ಮಪ್ಪನ 28 ಇಂಚಿನ ಗಾಡಿ ಮ್ಯಾಲೆ ಕುಂತಂಗ. ಬಯಲಾಗ ಅದು ಖುರ್ಚಿನ. ಆದ್ರ ಕ್ಯಾರಿಯರಿಗೆ ಜ್ವಾಳದ ಚೀಲ ಹೇರಿದ್ರ ರೈಲ್ವೆ ಬ್ರಿಡ್ಜ್ ಏರೂ ಮುಂದ ಹ್ಯಾಂಡಲ್ ಮ್ಯಾಲೇಳ್ತಿತ್ತು, ನಾ ಓಡಿ ಹೋಗಿ ಜೋತು ಬೀಳ್ತಿದ್ದೆ. (ನಮ್ಮ ಕಡೆ ಏರು ಅಂದ್ರ ಅದೊಂದ ನೋಡ್ರಿ.)

ಸೀಟ್ 1 ಸೆಂ.ಮೀ. ಮುಂದ ತರ್ರಿ, ತುಸು ಎತ್ರಿ. ಜೋಮಿಗೆ ಹ್ಯಾಂಡಲ್ ಎತ್ತರ ಮಾಡ್ರಿ. ಹಳೇ ನಮೂನಿ ಸ್ಟೆಮ್ಮಿನ ಮ್ಯಾಲೆ ಒಂದು ಗೆರಿ ಇರ್ತದ, ಅದು ಹೊರಗ ಕಾಣೂ ಹಂಗ ಎಳೀಬ್ಯಾಡ್ರಿ, ಮುರದು ಕೈಗೆ ಬರ್ತದ.

ಬಾಗಲಕೋಟಿ ಗಾಲಿ:
ಎಲ್ಲಾ ಡಿಗ್ರಿ ಮ್ಯಾಲೆ ಹಾಕಬ್ಯಾಡ್ರಿ. ಗೇರಿನ ಚಕ್ರಕ್ಕ ಹಲ್ಲು ಎಷ್ಟದಾವ?

ಟಿಳಕವಾಡಿ ಪೆಡಲ್:
ಮುಂದ 39, ಹಿಂದ ದೊಡ್ಡದು 25.

ಬಾಗಲಕೋಟಿ ಗಾಲಿ:
ಹಂಗಂದ್ರ ಪೆಡಲಿನ ಒಂದು ಸುತ್ತಿಗೆ 3.3 ಮೀಟರ್. ಈಗಿನ ಹೊಸ ಸೈಕಲ್ಲಿನ ಮುಂದ 34, ಹಿಂದ 32ಕ್ಕ 2.2 ಅಷ್ಟ. ಭಾರ ಗೇರಿನ್ಯಾಗ ಹ್ಯಾಂಡಲ್ ಜಗ್ಗಿ ಜಗ್ಗಿ ತುಳೀತೀರಿ, ಗಾಲಿ ಏಳದ ಏನ್ ಮಾಡೀತು? ಮುಂದ 34 ಹಾಕೋಣ ಅಂದ್ರ ನಿಮ್ಮ ಹಳೇ ಕ್ರ್ಯಾಂಕಿನ ಬೋಲ್ಟ್ ವೃತ್ತ (ಹಲ್ಲಿನ ಚಕ್ರ ಬಿಗಿಯೂ ಬೋಲ್ಟುಗಳ ವೃತ್ತದ ಅಗಲ) 130 ಮಿ.ಮೀ. ಇದ್ರ 38ಕ್ಕಿಂತ ಸಣ್ಣದು ಕೂಡೂದಿಲ್ಲ. ಹಿಂದ 28 ನೋಡ್ರಿ, 2.9ಕ್ಕ ಇಳೀತೈತಿ.

ಟಿಳಕವಾಡಿ ಪೆಡಲ್:
ರವಿವಾರ ಹೋಗಿ ಬಂದೆ. ಸೀಟ್ 1 ಸೆಂ.ಮೀ. ಮುಂದ, ಹ್ಯಾಂಡಲ್ ಎರಡು ಬೆರಳು ಎತ್ತರ. ಗಾಲಿ ನೆಲ ಬಿಡಲಿಲ್ಲ. ಎಡಗೈ ಕಿರುಬೆರಳು ಮಾತ್ರ ವಾಪಸ್ ಬರೂವಾಗ ಸ್ವಲ್ಪ ಜುಮ್ ಅಂತು. ಕೊನೀ ತಿರುವಿನ್ಯಾಗ ಮಾತ್ರ ಇಳದು ದಬ್ಬಿದೆ, ಕುರಿ ಕಾಯೂ ಹುಡುಗ ನೋಡಿ ನಕ್ಕ. ಯಾರ ಹತ್ರರ 28ರ ಫ್ರೀವ್ಹೀಲ್ (ಹಿಂದಿನ ಹಲ್ಲಿನ ಚಕ್ರದ ಸೆಟ್) ಇದ್ರ ಹೇಳ್ರಿ.