ಪದಚರ್ಚೆ: ‘ಟಂಗ್ ವೇಟ್’ಗೆ ಏನನ್ನೋಣ? ನಾಳೆ ಅಚ್ಚಿಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ.

ಪಿಕಪ್ ಟ್ರಕ್ಕಿನ ಹಿಂದೆ ಪ್ರಯಾಣದ ಟ್ರೇಲರ್ ಕಟ್ಟಿಕೊಂಡು ಹೋಗುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಟ್ರೇಲರ್ ಅಂದರೆ ಸಾಮಾನು ಸಾಗಿಸುವ ಟ್ರಾಲಿ ಅಲ್ಲ. ಒಳಗೆ ಮಂಚ, ಒಲೆ, ನೀರಿನ ತೊಟ್ಟಿ ಎಲ್ಲ ಇರುವ, ಗಾಲಿ ಮೇಲಿನ ಮನೆ. ಕೈಪಿಡಿ ಜೊತೆಗೆ ಕೊಂಡಿಯ ಹತ್ತಿರ ಅಂಟಿಸುವ ಎಚ್ಚರಿಕೆ ಚೀಟಿಯೂ ಇದೆ. ಕೈಪಿಡಿಗೆ ಇನ್ನೂ ಸಮಯವಿದೆ, ಆದರೆ ಚೀಟಿ ನಾಳೆ ಬೆಳಗ್ಗೆಯೇ ಅಚ್ಚಿಗೆ ಹೋಗಬೇಕು. ಜಾಗ ಅಂಗೈಯಷ್ಟು.

ಸಿಕ್ಕಿಕೊಂಡಿರುವ ಪದಗಳು ಇವು. ಟಂಗ್ ವೇಟ್, ಅಂದರೆ ಟ್ರೇಲರಿನ ಮುಂದಿನ ಚಾಚು ಟ್ರಕ್ಕಿನ ಕೊಂಡಿಯನ್ನು ಕೆಳಗೆ ಒತ್ತುವ ಭಾರ. ಆಮೇಲೆ ಪೇಲೋಡ್, ಅಂದರೆ ಟ್ರಕ್ಕು ಹೊರಬಲ್ಲ ಭಾರ, ಮತ್ತು ಟೋಯಿಂಗ್ ಕೆಪಾಸಿಟಿ, ಅಂದರೆ ಎಳೆಯಬಲ್ಲ ಭಾರ. ಸದ್ಯ ಕರಡಿನಲ್ಲಿ ಎರಡಕ್ಕೂ ‘ಭಾರ ಸಾಮರ್ಥ್ಯ’ ಅಂತಲೇ ಇದೆ. ಟ್ರೇಲರ್ ಎಡಕ್ಕೂ ಬಲಕ್ಕೂ ಆಡುವ ಸ್ವೇ. ಕೊನೆಗೆ, ಟ್ರೇಲರ್ ಬಿಟ್ಟುಹೋದರೆ ಅದರ ಬ್ರೇಕ್ ಹಿಡಿಸುವ ಬ್ರೇಕ್‌ಅವೇ ಸ್ವಿಚ್. ‘ನಾಲಿಗೆ ತೂಕ’ ಅಂತ ಬರೆದು ನಾಲ್ಕು ಜನರಿಗೆ ತೋರಿಸಿದೆ, ಯಾರಿಗೂ ತಲೆಬುಡ ಗೊತ್ತಾಗಲಿಲ್ಲ. ಚಿಕ್ಕದಾಗಿರಬೇಕು, ಮೊದಲ ಸಲ ಓದಿದವರಿಗೂ ಹೊಳೆಯಬೇಕು. ಇವತ್ತು ರಾತ್ರಿಯೊಳಗೆ ಹೇಳಿದರೆ ದೊಡ್ಡ ಉಪಕಾರ.

* * *

ಮರು: ಟಂಗ್ ವೇಟ್

‘ಸಾಮರ್ಥ್ಯ’ ಮೊದಲು ಬಿಡಿ. ಕೈಪಿಡಿ ಓದುವವರು ಪಂಡಿತರಲ್ಲ.

ಎತ್ತಿನ ಬಂಡಿಯಲ್ಲಿ ಹಲಗೆಯ ಕೆಳಗಿಂದ ನೊಗದವರೆಗೆ ಚಾಚಿರುವ ಮರಕ್ಕೆ ಮೂಕಿ ಅನ್ನುತ್ತಾರೆ. ಟ್ರೇಲರಿನ ಮುಂಚಾಚು ಮಾಡುವುದೂ ಅದೇ ಕೆಲಸ. ಟಂಗ್ ಅಂದರೆ ಮೂಕಿ. ಇದಕ್ಕೆ ಚರ್ಚೆಯೇ ಬೇಕಿಲ್ಲ. ಇಂಗ್ಲಿಷಿನವರೂ ಗಾಡಿಯ ಮೂಕಿಗೆ ಟಂಗ್ ಅನ್ನುತ್ತಿದ್ದರು, ಅದನ್ನೇ ಮೋಟಾರು ಗಾಡಿಗೂ ತಂದರು. ನಾವು ಮಾತ್ರ ಅವರ ನಾಲಿಗೆಯನ್ನು ಅನುವಾದ ಮಾಡುತ್ತಾ ಕೂತಿದ್ದೇವೆ.

ಇನ್ನೊಂದು. ಟ್ರೇಲರ್ ಬೇಡ, ‘ಹಿಂಬಂಡಿ’ ಅನ್ನಿ. ಆಕ್ಸಲ್ ಬೇಡ, ‘ಇರುಸು’ ಅನ್ನಿ. ‘ಅಚ್ಚು’ ಅಂತಲೂ ಬರೆಯಬೇಡಿ, ಅದು ಸಂಸ್ಕೃತದ ಅಕ್ಷದಿಂದ ಬಂದದ್ದು. ಇರುಸು ನಮ್ಮದು, ತಮಿಳಿನಲ್ಲೂ ಇರುಸು ಇದೆ.

* * *

ಮರು: ಮರು: ಟಂಗ್ ವೇಟ್

ಹಿಂಬಂಡಿ ಅಂದರೆ ಯಾವ ಗ್ಯಾರೇಜಿನವನಿಗೆ ಅರ್ಥವಾಗುತ್ತದೆ? ಟ್ರೇಲರ್ ಕನ್ನಡ ಪದ. ಬ್ರೇಕ್ ಕನ್ನಡ, ಟೈರ್ ಕನ್ನಡ, ಆಕ್ಸಲ್ ಕನ್ನಡ. ದಿನಾ ಬಳಸುವವರು ಒಪ್ಪಿಕೊಂಡಾಗಿದೆ. ನಾವು ಇಲ್ಲಿ ಕೂತು ಅದರ ಊರು ಕೇರಿ ವಿಚಾರಿಸುವುದು ಯಾಕೆ?

ಅಷ್ಟಕ್ಕೂ ಬಂಡಿಯೇ ಅಚ್ಚಗನ್ನಡ ಅಂತ ಯಾರು ಹೇಳಿದ್ದು? ಪ್ರಾಕೃತದ ‘ಭಂಡಿ’ಗೂ ಅದಕ್ಕೂ ನಂಟು ಹೇಳುವವರಿದ್ದಾರೆ. ಅಕ್ಷದ ತದ್ಭವಕ್ಕೆ ಒಂದು ನ್ಯಾಯ, ಬಂಡಿಗೆ ಇನ್ನೊಂದು ನ್ಯಾಯ ಸರಿಯಲ್ಲ.

ಕೇಳಿದವರಿಗೆ ನನ್ನ ಸಲಹೆ: ಟಂಗ್ ವೇಟ್, ಪೇಲೋಡ್, ಸ್ವೇ ಹಾಗೆಯೇ ಕನ್ನಡ ಅಕ್ಷರದಲ್ಲಿ ಹಾಕಿ. ಕೊಂಡುಕೊಂಡ ಸಾಮಾನಿನ ಮೇಲೂ ಅದೇ ಇರುತ್ತದೆ, ಹುಡುಕುವವರಿಗೂ ಸುಲಭ.

* * *

ಮರು: ಮರು: ಮರು: ಟಂಗ್ ವೇಟ್

ಆ ಚೀಟಿ ಯಾಕೆ ಇದೆ ಅನ್ನುವುದನ್ನು ಇಬ್ಬರೂ ಬಿಟ್ಟಿರಿ. ನಾನು ಪಿಕಪ್ಪಿಗೆ ಟ್ರೇಲರ್ ಕಟ್ಟಿ ಓಡಿಸುವವನು. ಓದಿದವನು ತಪ್ಪು ತಿಳಿದುಕೊಂಡರೆ ರಸ್ತೆಯಲ್ಲಿ ಏನಾಗುತ್ತದೆ, ಅದನ್ನು ನೋಡಿ ಪದ ಆರಿಸಬೇಕು. ಪದದ ಹುಟ್ಟು ಆಮೇಲೆ.

ಮೊದಲು ‘ಭಾರ ಸಾಮರ್ಥ್ಯ’ವನ್ನು ಈಗಲೇ ಹೊಡೆದುಹಾಕಿ. ಸಂಸ್ಕೃತ ಅಂತ ಅಲ್ಲ. ಎರಡು ಬೇರೆ ಸಂಗತಿಗೆ ಒಂದೇ ಹೆಸರು ಕೊಡುತ್ತದೆ, ಅದಕ್ಕೆ. ಪೇಲೋಡ್ ಅಂದರೆ ಟ್ರಕ್ಕು ತನ್ನ ಮೈಮೇಲೆ ಹೊರುವುದು. ಟೋಯಿಂಗ್ ಅಂದರೆ ಹಿಂದೆ ಎಳೆಯುವುದು. ‘ಹೊರುವ ಮಿತಿ’, ‘ಎಳೆಯುವ ಮಿತಿ’ ಅನ್ನಿ, ಯಾರಿಗೂ ಗೊಂದಲ ಆಗುವುದಿಲ್ಲ. ಮಾರುವವರು ಎಳೆಯುವ ಮಿತಿಯನ್ನೇ ದೊಡ್ಡದಾಗಿ ಹೇಳುತ್ತಾರೆ. ಹೊರುವ ಮಿತಿ ಚಾಲಕನ ಬಾಗಿಲು ತೆರೆದಾಗ ಚೌಕಟ್ಟಿನ ಮೇಲೆ ಕಾಣುವ ಸಣ್ಣ ಚೀಟಿಯಲ್ಲಿರುತ್ತದೆ. ಎಷ್ಟೋ ಸಲ ಮೊದಲು ಮುಗಿದುಹೋಗುವುದು ಆ ಸಣ್ಣ ಚೀಟಿಯ ಅಂಕಿ.

ಲೆಕ್ಕ ಹಾಕಿ ನೋಡಿ. ಸಾಮಾನು, ನೀರು ಎಲ್ಲ ತುಂಬಿದ ಟ್ರೇಲರ್ 2,700 ಕಿಲೋ. ಅದರಲ್ಲಿ ಶೇ. 12 ಕೊಂಡಿಯ ಮೇಲೆ ಕೂತರೆ 324 ಕಿಲೋ. ಇದನ್ನು ಟ್ರಕ್ಕು ಎಳೆಯುವುದಲ್ಲ, ಹೊರುವುದು. ಟ್ರಕ್ಕಿನ ಹೊರುವ ಮಿತಿ 650 ಅಂದುಕೊಳ್ಳಿ. ಒಳಗೆ ನಾಲ್ಕು ಜನ, 280. ಭಾರ ಹಂಚುವ ಕೊಂಡಿಯದ್ದೇ ಒಂದು 40. ಉಳಿದದ್ದು 6 ಕಿಲೋ. ಹಿಂದೆ ಒಂದು ಚೀಲ ಎಸೆದರೆ ಮಿತಿ ದಾಟಿತು, ಟ್ರಕ್ಕು 4,000 ಕಿಲೋ ಎಳೆಯುತ್ತದೆ ಅಂತ ಬರೆದಿದ್ದರೂ ಅಷ್ಟೇ. ಎರಡಕ್ಕೂ ‘ಭಾರ ಸಾಮರ್ಥ್ಯ’ ಅಂತ ಹಾಕಿದರೆ ಓದುವವನು 4,000 ನೋಡಿ ನಿಶ್ಚಿಂತೆಯಾಗಿ ಹೊರಡುತ್ತಾನೆ.

ಇನ್ನು ಮೂಕಿ. ಆ ಪದ ನನಗೆ ಇಷ್ಟ, ಆದರೆ ಅಚ್ಚಗನ್ನಡ ಅಂತ ಅಲ್ಲ. ಬಂಡಿ ಹೂಡಿದವರಿಗೆ ಮುಂಭಾರ, ಹಿಂಭಾರ ಗೊತ್ತು. ಹಿಂದೆ ಜಾಸ್ತಿ ಹೇರಿದರೆ ಮೂಕಿ ಮೇಲಕ್ಕೇಳುತ್ತದೆ, ಮುಂದೆ ಜಾಸ್ತಿ ಹೇರಿದರೆ ಎತ್ತಿನ ಹೆಗಲು ಒತ್ತುತ್ತದೆ. ಟ್ರೇಲರಿನ ಪಾಠ ಪೂರ್ತಿ ಇಷ್ಟೇ. ತುಂಬಿದ ಟ್ರೇಲರಿನ ತೂಕದಲ್ಲಿ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಹಿಂಭಾಗ ಆಡಲು ಶುರುವಾಗುತ್ತದೆ. ಜಾಸ್ತಿಯಾದರೆ ಟ್ರಕ್ಕಿನ ಹಿಂಭಾಗ ಕುಸಿದು ಮುಂದಿನ ಗಾಲಿ ಹಗುರಾಗುತ್ತದೆ, ಸ್ಟೀರಿಂಗ್ ಸರಿಯಾಗಿ ಕೇಳುವುದಿಲ್ಲ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ನೀರಿನ ತೊಟ್ಟಿ ಆಕ್ಸಲಿಗಿಂತ ಹಿಂದೆ ಇದ್ದರೆ ಅದನ್ನು ತುಂಬಿಸಿದಾಗ ಮೂಕಿ ಮೇಲಿನ ಭಾರ ಇಳಿಯುತ್ತದೆ, ಟ್ರೇಲರಿನ ಒಟ್ಟು ತೂಕ ಮಾತ್ರ ಏರುತ್ತದೆ. ಇದನ್ನು ‘ಟಂಗ್ ವೇಟ್’ ಅನ್ನುವ ಪದ ಓದುಗನಿಗೆ ಹೇಳುವುದಿಲ್ಲ. ಮೂಕಿ ಹೇಳುತ್ತದೆ.

ಆದರೆ ‘ಮೂಕಿ ತೂಕ’ ಅಂತ ಬರೆದೀರಿ, ಜೋಕೆ. ಹಾಗಂದರೆ ಆ ಕಬ್ಬಿಣದ ಚಾಚು ಎಷ್ಟು ತೂಗುತ್ತದೆ ಅಂತಾಗುತ್ತದೆ. ತೂಕ ವಸ್ತುವಿನದ್ದು, ಭಾರ ಇನ್ನೊಂದರ ಮೇಲೆ ಬೀಳುವುದು. ಮೂಕಿಭಾರ ಅನ್ನಿ.

ಸ್ವೇಗೆ ‘ಓಲಾಟ’. ಹಳ್ಳ ಹಾರಿದಾಗ ಆಗುವುದು ಕುಲುಕಾಟ, ತಿರುವಿನಲ್ಲಿ ಒಂದು ಕಡೆಗೆ ಬಾಗಿದರೆ ವಾಲುವುದು. ಇದು ಬೇರೆ. ಪಕ್ಕದಿಂದ ಗಾಳಿ ಹೊಡೆದಾಗ, ದೊಡ್ಡ ಲಾರಿ ದಾಟಿಹೋದಾಗ, ಇಳಿಜಾರಿನಲ್ಲಿ ವೇಗ ಜಾಸ್ತಿಯಾದಾಗ ಟ್ರೇಲರ್ ಎಡಕ್ಕೆ ಬಲಕ್ಕೆ ಬೀಸುತ್ತಾ, ಪ್ರತಿ ಸಲ ಇನ್ನಷ್ಟು ಅಗಲಕ್ಕೆ ಹೋಗಿ ಕೊನೆಗೆ ಟ್ರಕ್ಕನ್ನೇ ಎಳೆದು ಮಗುಚುತ್ತದೆ. ಆಗ ಮಾಡಬೇಕಾದದ್ದು ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು, ಸ್ಟೀರಿಂಗನ್ನು ನೇರ ಹಿಡಿಯುವುದು, ಡ್ಯಾಶಿನಲ್ಲಿರುವ ಬ್ರೇಕ್ ಕಂಟ್ರೋಲರಿನ ಸನ್ನೆಯನ್ನು ಕೈಯಿಂದ ಒತ್ತಿ ಟ್ರೇಲರಿನ ಬ್ರೇಕ್ ಮಾತ್ರ ಹಿಡಿಸುವುದು. ಟ್ರಕ್ಕಿನ ಬ್ರೇಕನ್ನು ಜೋರಾಗಿ ತುಳಿದರೆ ಟ್ರೇಲರ್ ಹಿಂದಿನಿಂದ ತಳ್ಳಿಕೊಂಡು ಬರುತ್ತದೆ. ಹಾಗಾಗಿ ಚೀಟಿಯಲ್ಲಿ ‘ಓಲಾಡಿದರೆ ಬ್ರೇಕ್ ಹಾಕಿ’ ಅಂತ ಮೊಟಕು ಮಾಡಿದರೆ ಅದು ತಪ್ಪು ಸಲಹೆ. ‘ಟ್ರೇಲರ್ ಬ್ರೇಕ್ ಮಾತ್ರ’ ಅನ್ನುವುದು ಇರಲೇಬೇಕು.

ಬ್ರೇಕ್‌ಅವೇಗೆ ಯಾರಾದರೂ ‘ಕಳಚು ಸ್ವಿಚ್’ ಅಂತ ಬೇಗನೆ ಸೂಚಿಸುತ್ತಾರೆ, ಅದಕ್ಕೆ ಮೊದಲೇ ಹೇಳುತ್ತೇನೆ, ಬೇಡ. ಒತ್ತಿದರೆ ಟ್ರೇಲರ್ ಕಳಚುತ್ತದೆ ಅಂತ ಓದುವವನು ತಿಳಿಯುತ್ತಾನೆ. ಅದು ನಡೆಸುವ ಕೆಲಸ ತಿರುಗಾಮುರುಗ. ಟ್ರೇಲರ್ ತಾನಾಗಿ ಬಿಟ್ಟುಹೋದರೆ ಟ್ರಕ್ಕಿಗೆ ಕಟ್ಟಿದ ತಂತಿ ಎಳೆದು ಪಿನ್ನು ಕಿತ್ತುಬರುತ್ತದೆ, ಟ್ರೇಲರಿನ ಬ್ಯಾಟರಿಯಿಂದಲೇ ಅದರ ಬ್ರೇಕಿಗೆ ಕರೆಂಟು ಹೋಗಿ ಗಾಲಿ ಹಿಡಿಯುತ್ತದೆ. ‘ತುರ್ತು ಬ್ರೇಕ್ ತಂತಿ’ ಅಂದರೆ ಸಾಕು. ಓದುವವನ ಕೈಗೆ ಬರುವುದು ತಂತಿ, ಸ್ವಿಚ್ ಅಲ್ಲ.

* * *

ಮರು: ಮೂಕಿಭಾರ

ಮೂಕಿಭಾರ ಅರಿಸಮಾಸ. ಮೂಕಿ ಕನ್ನಡ, ಭಾರ ಸಂಸ್ಕೃತ. ‘ಮೂಕಿಹೊರೆ’ ಅನ್ನಿ.

* * *

ಮರು: ಮರು: ಮೂಕಿಭಾರ

ಮಳೆಗಾಲ ಅನ್ನುವಾಗ ಈ ಕೋಪ ಎಲ್ಲಿಗೆ ಹೋಗುತ್ತದೆ? ಮಳೆ ನಮ್ಮದು, ಕಾಲ ಸಂಸ್ಕೃತ. ಹೆಗಲ ಮೇಲೆ ಬೀಳುವುದಕ್ಕೆ ಜನ ಭಾರ ಅನ್ನುತ್ತಾರೆ, ಮುಂಭಾರ ಹಿಂಭಾರ ಅಂದವರು ವ್ಯಾಕರಣ ಕೇಳಿ ಅನ್ನಲಿಲ್ಲ. ಹೊರೆ ಅಂದರೆ ಕಟ್ಟಿ ಹೊತ್ತದ್ದು, ಹುಲ್ಲಿನ ಹೊರೆ, ಸೌದೆ ಹೊರೆ. ಮೂಕಿಹೊರೆ ಅಂದರೆ ಮೂಕಿಗಳನ್ನೇ ಕಟ್ಟಿ ಹೊತ್ತ ಹಾಗಾಯಿತು.

* * *

ಮರು: ಮರು: ಮರು: ಮೂಕಿಭಾರ

ನಿಯಮ ಇರುವುದು ಮುರಿಯುವುದಕ್ಕಲ್ಲ. ಒಂದು ಮಳೆಗಾಲ ತೋರಿಸಿ ನೂರು ಕಲಬೆರಕೆ ಒಳಗೆ ಬಿಡುವುದನ್ನು ಬಹಳ ವರ್ಷದಿಂದ ನೋಡುತ್ತಿದ್ದೇನೆ. ಮುಂದಿನ ಪೀಳಿಗೆಗೆ ಪದ ಕಟ್ಟುವ ಕೀಲು ಎಲ್ಲಿದೆ ಅಂತಲೇ ತಿಳಿಯದೆ ಹೋಗುತ್ತದೆ. ಇದು ನನಗೆ ನಿಜವಾಗಿ ನೋವಿನ ವಿಷಯ.

* * *

ಮರು: ಮರು: ಮರು: ಮರು: ಮೂಕಿಭಾರ

ಹಿಂದೆ ಟ್ರೇಲರ್, ಟಂಗ್ ವೇಟ್ ಹಾಗೇ ಇರಲಿ ಅಂದವನು ನಾನೇ. ಹೊರುವ ಮಿತಿ, ಎಳೆಯುವ ಮಿತಿ ಒಪ್ಪಿದೆ, ಅವು ಪೇಲೋಡಿಗಿಂತ ಒಳ್ಳೆಯವು. ಆದರೆ ಕೀಲಿನ ಮಾತಿಗೆ ಉತ್ತರ ಕೊಡದೆ ಹೋಗಲಾರೆ. ಕನ್ನಡದ ಕೀಲು ಗಟ್ಟಿಯಾಗಿರುವುದಕ್ಕೇ ಹೊರಗಿನ ಪದ ಬಂದು ನಿಲ್ಲುತ್ತದೆ. ಟ್ರಕ್ಕಿನ, ಟ್ರಕ್ಕಿಗೆ, ಟ್ರಕ್ಕಿನಲ್ಲಿ. ಎಲ್ಲ ವಿಭಕ್ತಿಗೂ ಬಗ್ಗುತ್ತದೆ. ಬ್ರೇಕ್ ಹಾಕು, ಬ್ರೇಕ್ ಹಿಡಿ, ಬ್ರೇಕ್ ಬಿಡು, ಕ್ರಿಯಾಪದ ನಮ್ಮದೇ. ಭಾಷೆ ಕೆಡುವುದು ಪದ ಒಳಗೆ ಬಂದಾಗ ಅಲ್ಲ, ನಾವು ಆ ವಿಷಯವನ್ನು ಕನ್ನಡದಲ್ಲಿ ಮಾತಾಡುವುದನ್ನೇ ಬಿಟ್ಟಾಗ. ಟ್ರೇಲರ್ ಕಟ್ಟುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರುತ್ತಿದೆ. ಅದೇ ದೊಡ್ಡದು.

ಒಂದೇ ಅನುಮಾನ. ಮೂಕಿ ಗೊತ್ತಿಲ್ಲದವರು ಏನು ಮಾಡಬೇಕು?

* * *

ಮರು: ಟಂಗ್ ವೇಟ್ (ಕೇಳಿದವರಿಂದ)

ಎಲ್ಲರಿಗೂ ಧನ್ಯವಾದ. ಮೂಕಿ ಗೊತ್ತಿಲ್ಲದವರಿಗೆ ಚೀಟಿಯಲ್ಲಿ ಒಂದು ಚಿತ್ರ ಹಾಕುತ್ತಿದ್ದೇನೆ. ಮುಂಚಾಚಿಗೆ ಬಾಣ, ಪಕ್ಕದಲ್ಲಿ ‘ಮೂಕಿ’. ಕೈಪಿಡಿಯಲ್ಲಿ ಮೊದಲ ಸಲ ಬಂದಾಗ ಟಂಗ್ ವೇಟ್ ಅಂತಲೂ ಜೊತೆಗೆ ಬರೆಯುತ್ತೇನೆ. ಟ್ರೇಲರ್, ಆಕ್ಸಲ್ ಹಾಗೆಯೇ ಇರುತ್ತವೆ. ಹಿಂಬಂಡಿ ಅಂದವರು ಬೇಸರ ಮಾಡಿಕೊಳ್ಳಬಾರದು.

ಚೀಟಿಯ ಕರಡು:

ಮೂಕಿಭಾರ: ತುಂಬಿದ ಟ್ರೇಲರ್ ತೂಕದ ಶೇ. 10ರಿಂದ 15.
ಮೂಕಿಭಾರವನ್ನು ಟ್ರಕ್ಕಿನ ಹೊರುವ ಮಿತಿಯಲ್ಲಿ ಲೆಕ್ಕ ಹಿಡಿಯಿರಿ.
ಓಲಾಟ ಬಂದರೆ: ವೇಗ ಇಳಿಸಿ, ಸ್ಟೀರಿಂಗ್ ನೇರ, ಟ್ರೇಲರ್ ಬ್ರೇಕ್ ಮಾತ್ರ.
ಗುಂಡು ಮತ್ತು ಹಿಡಿ ಒಂದೇ ಅಳತೆ ಇರಲಿ.
ಸರಪಳಿ ಎರಡನ್ನೂ ಕಟ್ಟಿ. ತುರ್ತು ಬ್ರೇಕ್ ತಂತಿ ಸಿಕ್ಕಿಸಿ.

ಕೊನೆಯ ಎರಡು ಸಾಲು ಒಮ್ಮೆ ನೋಡಿ ಹೇಳಿ. ಅಲ್ಲಿ ಟ್ರಕ್ಕಿನ ಕೊಂಡಿಯ ಮೇಲಿರುವ ಹಿಚ್ ಬಾಲ್‌ಗೆ ಗುಂಡು, ಅದರ ಮೇಲೆ ಕೂರುವ ಟ್ರೇಲರಿನ ಕಪ್ಲರಿಗೆ ಹಿಡಿ ಅಂದಿದ್ದೇನೆ.

* * *

ಮರು: ಮರು: ಟಂಗ್ ವೇಟ್

ಗುಂಡು, ಹಿಡಿ ಎರಡೂ ಚೆನ್ನಾಗಿವೆ. ಆದರೆ ಅಳತೆಯ ಅಂಕಿ ಹಾಕಿ. 2 ಇಂಚಿನ ಗುಂಡು, 2 5/16 ಇಂಚಿನ ಗುಂಡು ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಚಿಕ್ಕ ಗುಂಡಿನ ಮೇಲೆ ದೊಡ್ಡ ಹಿಡಿ ಕೂರುತ್ತದೆ, ಚಿಲಕವೂ ಬೀಳುತ್ತದೆ. ಮುಂದೆ ಒಂದು ಹಂಪಿನಲ್ಲಿ ಹಾರಿಹೋಗುತ್ತದೆ. ಕೈಪಿಡಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಚಿಲಕ ಹಾಕಿದ ಮೇಲೆ ಮೂಕಿಯ ಜಾಕನ್ನು ಮತ್ತೆ ಸ್ವಲ್ಪ ಎತ್ತಬೇಕು. ಟ್ರಕ್ಕಿನ ಹಿಂಭಾಗವೂ ಜೊತೆಗೆ ಎದ್ದರೆ ಹಿಡಿ ಕೂತಿದೆ. ಹಿಡಿ ಒಂದೇ ಮೇಲೆ ಬಂದರೆ ಕೂತಿಲ್ಲ.

‘ಸರಪಳಿ ಕಟ್ಟಿ’ ಸಾಲದು. ಮೂಕಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಟ್ಟಬೇಕು. ಹಿಡಿ ಕಳಚಿದರೆ ಮೂಕಿ ಆ ತೊಟ್ಟಿಲಿನಲ್ಲಿ ನಿಲ್ಲುತ್ತದೆ, ರಸ್ತೆಗೆ ಕುಕ್ಕುವುದಿಲ್ಲ. ‘ಅಡ್ಡ ಹಾಯಿಸಿ ಕಟ್ಟಿ’ ಅಂತ ತಿದ್ದಿ.

ತುರ್ತು ಬ್ರೇಕ್ ತಂತಿಯನ್ನು ಸರಪಳಿಗೆ ಸಿಕ್ಕಿಸುವವರಿದ್ದಾರೆ, ಗುಂಡು ಕೂತಿರುವ ಕಂಬಿಗೂ ಸಿಕ್ಕಿಸುತ್ತಾರೆ. ಕಂಬಿಯೇ ಟ್ರಕ್ಕಿನಿಂದ ಕಿತ್ತುಬಂದರೆ ತಂತಿಯೂ ಅದರ ಜೊತೆಗೇ ಹೋಗುತ್ತದೆ, ಪಿನ್ನು ಕೀಳುವುದೇ ಇಲ್ಲ. ‘ತಂತಿಯನ್ನು ಟ್ರಕ್ಕಿಗೇ ಸಿಕ್ಕಿಸಿ, ಸರಪಳಿಗಲ್ಲ’ ಅಂತ ಬರೆಯಿರಿ. ಜಾಗ ಸಾಲದಿದ್ದರೆ ಮೇಲಿನ ಶೀರ್ಷಿಕೆ ಚಿಕ್ಕದು ಮಾಡಿ, ಈ ಸಾಲು ಮಾತ್ರ ಬಿಡಬೇಡಿ.