ಎನ್‌ಕ್ರಿಪ್ಟೆಡ್ ಅಂತ ತೋರಿಸುತ್ತೆ, ಆದರೂ ಫೋಟೊ ಲ್ಯಾಪ್‌ಟಾಪಲ್ಲಿ ತೆರೆಯುತ್ತೆ!!

ಬೆಣ್ಣೆದೋಸೆ: ತಲೆ ಕೆಟ್ಟುಹೋಗಿದೆ. ಫೋನ್ ಸೆಟ್ಟಿಂಗ್ಸಲ್ಲಿ 'ಎನ್‌ಕ್ರಿಪ್ಟೆಡ್' (ಕೀ ಇಲ್ಲದೆ ಓದಲಾಗದ ಗುಪ್ತ ರೂಪ) ಅಂತಿದೆ, ಪಿನ್ ಹಾಕಿದೆ. ಆದರೂ ಆಧಾರ್, ಪಾಸ್‌ಬುಕ್ ಫೋಟೊ ಎಲ್ಲ ಲ್ಯಾಪ್‌ಟಾಪಲ್ಲಿ ಸಲೀಸಾಗಿ ತೆರೆದುಕೊಳ್ತವೆ. ಫೋನ್ ಕಳುವಾದರೆ ಗತಿ ಏನು?

ತುಂಗಾತೀರ: ಯಾವ ಮಾಡೆಲ್? ಆಂಡ್ರಾಯ್ಡ್ ಎಷ್ಟನೇದು? ಎನ್‌ಕ್ರಿಪ್ಟ್ ಶುರು ಮಾಡುವಾಗ ಚಾರ್ಜ್ 80% ಮೇಲಿರಬೇಕು, ಚಾರ್ಜರ್ ಸಿಕ್ಕಿಸಿರಬೇಕು. ನಿಮ್ಮದು ಅರ್ಧಕ್ಕೇ ನಿಂತಿದೆ.

ಬೆಣ್ಣೆದೋಸೆ: 13. ಮಾಡೆಲ್ ಯಾವುದಾದರೇನು?

ತುಂಗಾತೀರ: ಹಾಗಾದರೂ ಚಾರ್ಜಿಂದೇ ಕಥೆ. ರೀಸೆಟ್ ಮಾಡಿ, 80% ತುಂಬಿಸಿ, ಮತ್ತೆ ಶುರುಮಾಡಿ.

ಕರಿಕೋಟು: ದಯವಿಟ್ಟು ರೀಸೆಟ್ ಮಾಡಬೇಡಿ. ಆ 80% ನಿಯಮ ಆಂಡ್ರಾಯ್ಡ್ 5, 6ರ ಕಾಲದ್ದು. ಇಡೀ ಡಿಸ್ಕನ್ನ ಒಟ್ಟಿಗೆ ಎನ್‌ಕ್ರಿಪ್ಟ್ ಮಾಡೋ ಪದ್ಧತಿಯನ್ನ 13ರಲ್ಲಿ ಕಿತ್ತೇಹಾಕಿದಾರೆ. 10ರಿಂದಾಚೆಗೆ ಬಂದ ಹೊಸ ಫೋನೆಲ್ಲ ಒಂದೊಂದು ಫೈಲನ್ನೂ ಬೇರೆಬೇರೆಯಾಗಿ ಎನ್‌ಕ್ರಿಪ್ಟ್ ಮಾಡೋವು, ಡಬ್ಬಿಯಿಂದ ತೆಗೆದಾಗಲೇ ಆನ್. ಬೆಣ್ಣೆದೋಸೆ, ಲ್ಯಾಪ್‌ಟಾಪಿಗೆ ಹೇಗೆ ಸಿಕ್ಕಿಸಿದ್ರಿ? ಕೇಬಲ್ ಹಾಕಿ, ಲಾಕ್ ತೆಗೆದಿದ್ದರೆ ಕಾಣೋದು ಸಹಜ.

ಚುಕ್ಕಿಗೆರೆ: ಪಿನ್ ಎಷ್ಟು ಅಂಕಿ? ಪ್ಯಾಟರ್ನೇ ವಾಸಿ.

ಕರಿಕೋಟು: ಪ್ಯಾಟರ್ನ್ ಗೆರೆ ಗಾಜಿನ ಮೇಲೆ ಜಿಡ್ಡಾಗಿ ಕೂತಿರುತ್ತೆ ಸ್ವಾಮಿ. 4 ಅಂಕಿಗೆ 10,000 ಸಾಧ್ಯತೆ, 6ಕ್ಕೆ 10 ಲಕ್ಷ.

ಚುಕ್ಕಿಗೆರೆ: ಕೆಲವು ಸಲ ತಪ್ಪಿದರೆ ಫೋನೇ ಕಾಯಿಸುತ್ತಲ್ಲ, 10 ಲಕ್ಷ ಯಾರಿಗೆ ಬೇಕು?

ಹುಣಸೆಮರ: ನನ್ನದು ಗೂಗಲ್ ಪಿಕ್ಸೆಲ್ ಫೋನ್, ಅದರ ಮೇಲೆ ಗ್ರಾಫೀನ್‌ಓಎಸ್ (ಆಂಡ್ರಾಯ್ಡ್‌ನಿಂದಲೇ ಮಾಡಿದ, ಭದ್ರತೆಗೆ ಒತ್ತು ಕೊಡೋ ಓಎಸ್). ಲಾಕಾಗಿ 18 ಗಂಟೆ ಆದರೆ ತಾನೇ ರೀಬೂಟ್. ಆಮೇಲೆ ಪಿನ್ ಒತ್ತುವ ತನಕ ಫೈಲ್ ಬಿಚ್ಚೋ ಕೀ ಮೆಮೊರಿಯಲ್ಲೇ ಇರಲ್ಲ. ಉಳಿದವರದ್ದು ನೋಡಿದರೆ ಅಯ್ಯೋ ಅನ್ಸುತ್ತೆ.

ಬೆಣ್ಣೆದೋಸೆ: ಕೇಬಲ್ ಅಲ್ಲ ರೀ, ಮೆಮೊರಿ ಕಾರ್ಡ್ ತೆಗೆದು ರೀಡರ್‌ಗೆ ಹಾಕಿದ್ದು. ಕ್ಯಾಮೆರಾ ಅದರಲ್ಲೇ ತಾನೆ ಸೇವ್ ಮಾಡೋದು?

ಕರಿಕೋಟು: ಇದನ್ನ ಮೊದಲೇ ಹೇಳಬಾರದಿತ್ತಾ! 'ಪೋರ್ಟಬಲ್' ಆಗಿ (ಬೇರೆ ಸಾಧನದಲ್ಲೂ ಓದೋ ಹಾಗೆ) ಹಾಕಿದ ಕಾರ್ಡಿಗೆ ಫೋನಿನ ಎನ್‌ಕ್ರಿಪ್ಷನ್ ತಾಗಲ್ಲ. ಸ್ಲಾಟಿಂದ ಎಳೆದರೆ ಯಾರಾದರೂ ಓದಬಹುದು, ಪಿನ್ ಬೇಕಿಲ್ಲ. ಕ್ಯಾಮೆರಾ ಸೆಟ್ಟಿಂಗ್ಸಲ್ಲಿ ಸೇವ್ ಆಗೋ ಜಾಗವನ್ನ ಫೋನಿಗೆ ಬದಲಾಯಿಸಿ, ಹಳೇ ಫೋಟೊಗಳನ್ನ ಒಳಗೆ ಎಳ್ಕೊಳ್ಳಿ, ತೆರೆದು ನೋಡಿ. ಆಮೇಲೇ ಕಾರ್ಡ್ ಫಾರ್ಮ್ಯಾಟ್. ವಿಂಡೋಸಲ್ಲಿ 'ಕ್ವಿಕ್ ಫಾರ್ಮ್ಯಾಟ್' ಟಿಕ್ ತೆಗೆಯಿರಿ. ಕ್ವಿಕ್ ಬರೀ ಫೈಲುಗಳ ಪಟ್ಟಿ ಅಳಿಸುತ್ತೆ, ರಿಕವರಿ ತಂತ್ರಾಂಶಕ್ಕೆ ಫೋಟೊ ಸಿಕ್ಕೇ ಸಿಗುತ್ತೆ.

ಹುಣಸೆಮರ: ಸ್ಯಾಮ್‌ಸಂಗ್ ಆದರೆ ಕಾರ್ಡನ್ನೇ ಎನ್‌ಕ್ರಿಪ್ಟ್ ಮಾಡೋ ಆಯ್ಕೆ ಇರುತ್ತೆ.

ಕರಿಕೋಟು: ಇರುತ್ತೆ. ಕೀ ಫೋನಲ್ಲೇ ಉಳಿಯುತ್ತೆ, ಹಾಗಾಗಿ ಡಿಕ್ರಿಪ್ಟ್ ಮಾಡದೆ (ಎನ್‌ಕ್ರಿಪ್ಷನ್ ಬಿಚ್ಚದೆ) ಫ್ಯಾಕ್ಟರಿ ರೀಸೆಟ್ ಕೊಟ್ಟರೆ ಕಾರ್ಡಲ್ಲಿರೋದೆಲ್ಲ ಹೋಯ್ತು. ಫೋನಿನ ಒಳಗಿನ ಬೋರ್ಡ್ ಸತ್ತರೂ ಅದೇ ಗತಿ. ಬೇರೆ ಕಡೆ ಪ್ರತಿ ಇಲ್ಲದೆ ಕೈ ಹಾಕಬೇಡಿ. ಮತ್ತೆ, ಸಿಮ್ ಪಿನ್ನೂ ಹಾಕಿ. ಇಲ್ಲದಿದ್ರೆ ಸಿಮ್ ಬೇರೆ ಫೋನಿಗೆ ಹೋದ ಕೂಡಲೇ ಓಟಿಪಿ ಅಲ್ಲಿಗೆ. ಸಿಮ್ಮಿನ ಮೂಲ ಪಿನ್ ಏನಂತ ಸಿಮ್ ಕಂಪನಿಯವರನ್ನ ಕೇಳಿಯೇ ಒತ್ತಿ. 3 ಸಲ ತಪ್ಪಿದರೆ ಪಿಯುಕೆ (ಲಾಕಾದ ಸಿಮ್ ಬಿಡಿಸೋ ಕೋಡ್) ಕೇಳುತ್ತೆ, ಅದೂ 10 ಸಲ ತಪ್ಪಿದರೆ ಸಿಮ್ ಬಿಸಾಡಬೇಕು.

ಬೆಣ್ಣೆದೋಸೆ: 128 ಜಿಬಿ ಕಾರ್ಡ್, ಫಾರ್ಮ್ಯಾಟ್ ಆಗ್ತಾನೇ ಇದೆ, ಎರಡು ಗಂಟೆ ಆಯ್ತು. ನಿಲ್ಲಿಸಲಾ?

ಕರಿಕೋಟು: ಬೇಡ. ಸೆಕೆಂಡಿಗೆ 10 ಎಂಬಿ ಬರೆಯೋ ಕಾರ್ಡಾದರೆ ಮೂರೂವರೆ ಗಂಟೆ ಹಿಡಿಯುತ್ತೆ. ಲ್ಯಾಪ್‌ಟಾಪ್ ಸ್ಲೀಪಿಗೆ ಹೋಗದ ಹಾಗೆ ನೋಡ್ಕೊಳ್ಳಿ.