ಕ್ಯೂಬಾವನ್ನು ಬಿಡಿಸಲು ಹೊರಟ ಅಮೆರಿಕ ಫಿಲಿಪ್ಪೀನ್ಸಿನ ಒಡೆಯನಾದದ್ದು ಹೇಗೆ?

ಪ್ರಶ್ನೆ: ಇತಿಹಾಸಾಸಕ್ತ

1898ರ ಸ್ಪೇನ್–ಅಮೆರಿಕ ಯುದ್ಧದ ಬಗ್ಗೆ ಓದುತ್ತಿದ್ದೇನೆ. ಏಪ್ರಿಲ್ ಕೊನೆಯಲ್ಲಿ ಘೋಷಣೆಯಾದ ಯುದ್ಧ ಆಗಸ್ಟ್ 12ಕ್ಕೆ ನಿಂತೇಹೋಯಿತು. ನಾಲ್ಕು ತಿಂಗಳೂ ತುಂಬಲಿಲ್ಲ. ಕ್ಯೂಬಾವನ್ನು ಸ್ಪೇನಿನ ಹಿಡಿತದಿಂದ ಬಿಡಿಸುವುದಷ್ಟೇ ಉದ್ದೇಶವೆಂದು ಅಮೆರಿಕದ ಸಂಸತ್ತು ಸಾರಿತ್ತು, ಆ ದ್ವೀಪವನ್ನು ತಾನು ಇಟ್ಟುಕೊಳ್ಳುವುದಿಲ್ಲವೆಂದು ಟೆಲ್ಲರ್ ತಿದ್ದುಪಡಿಯಲ್ಲಿ ಬರೆದೂ ಕೊಟ್ಟಿತ್ತು. ಹಾಗಿದ್ದೂ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಸಹಿಯಾದ ಒಪ್ಪಂದದಲ್ಲಿ ಪೋರ್ಟೊರಿಕೊ, ಗುವಾಮ್, ಫಿಲಿಪ್ಪೀನ್ಸ್ ಮೂರೂ ಅಮೆರಿಕದ ಪಾಲಾದವು. ವಸಾಹತು ಆಳ್ವಿಕೆಯ ವಿರುದ್ಧ ದಂಗೆಯೆದ್ದು ಹುಟ್ಟಿದ ದೇಶವೊಂದು ತಾನೇ ವಸಾಹತುಗಳನ್ನು ಕಟ್ಟಿಕೊಂಡದ್ದು ಮೊದಲೇ ಹೂಡಿದ ಹಂಚಿಕೆಯೇ, ಅಥವಾ ಯುದ್ಧದ ಭರದಲ್ಲಿ ಒದಗಿಬಂದದ್ದೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನೌಕಾನಕ್ಷೆ

ಎರಡೂ ಹೌದು ಎನ್ನಬೇಕಾಗುತ್ತದೆ. 1898ರ ಫೆಬ್ರವರಿ 15ರಂದು ಹವಾನಾ ಬಂದರಿನಲ್ಲಿ ಮೇಯ್ನ್ ಎಂಬ ಅಮೆರಿಕದ ಯುದ್ಧನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ನಾವಿಕರು ಸತ್ತರು. ಹೊರಗಿನಿಂದ ಇಟ್ಟ ಸಿಡಿಗುಂಡೇ ಕಾರಣವೆಂದು ಅಂದಿನ ನೌಕಾ ತನಿಖೆ ಹೇಳಿತು. ಕಲ್ಲಿದ್ದಲ ಕೋಣೆಯಲ್ಲಿ ಹೊತ್ತಿದ ಬೆಂಕಿ ಮದ್ದಿನ ಸಂಗ್ರಹಕ್ಕೆ ತಗುಲಿರುವ ಸಾಧ್ಯತೆಯೇ ಹೆಚ್ಚೆಂದು 1976ರಲ್ಲಿ ಅಡ್ಮಿರಲ್ ರಿಕೋವರ್ ನಡೆಸಿದ ಮರುಪರಿಶೀಲನೆ ತೀರ್ಮಾನಿಸಿತು. ಪತ್ರಿಕೆಗಳಿಗೆ ಮಾತ್ರ ಇದು ಸ್ಪೇನಿನದೇ ಕೃತ್ಯವೆಂಬುದರಲ್ಲಿ ಮೊದಲ ದಿನದಿಂದಲೂ ಸಂದೇಹ ಉಳಿದಿರಲಿಲ್ಲ.

ಗಮನಿಸಬೇಕಾದದ್ದು ಅದಾದ ಹತ್ತೇ ದಿನಕ್ಕೆ ನಡೆದ ಸಂಗತಿ. ಆಗ ನೌಕಾ ಇಲಾಖೆಯ ಸಹಾಯಕ ಕಾರ್ಯದರ್ಶಿಯಾಗಿದ್ದ ಥಿಯೊಡರ್ ರೂಸ್‌ವೆಲ್ಟ್, ಹಡಗುಗಳಿಗೆ ಕಲ್ಲಿದ್ದಲು ತುಂಬಿಸಿ ಹಾಂಗ್‌ಕಾಂಗಿನಲ್ಲಿ ಸಿದ್ಧನಾಗಿರಬೇಕೆಂದೂ ಯುದ್ಧವಾದರೆ ಫಿಲಿಪ್ಪೀನ್ಸಿನತ್ತ ಸಾಗಬೇಕೆಂದೂ ಅಮೆರಿಕದ ಏಷ್ಯಾ ಹಡಗುಪಡೆಯ ಮುಖ್ಯಸ್ಥ ಜಾರ್ಜ್ ಡ್ಯೂಯಿಗೆ ತಂತಿ ಕಳುಹಿಸಿದನು. ಸ್ಪೇನಿನೊಡನೆ ಯುದ್ಧವಾದರೆ ಮನಿಲಾದ ಮೇಲೂ ದಾಳಿ ಮಾಡಬೇಕೆಂಬ ಯೋಜನೆ ನೌಕಾಪಡೆಯಲ್ಲಿ ಅದಕ್ಕೂ ಕೆಲವು ವರ್ಷ ಮೊದಲಿನಿಂದ ಇತ್ತು. ಮೇ 1ರ ಬೆಳಗಿನ ಕೆಲವೇ ಗಂಟೆಗಳಲ್ಲಿ ಮನಿಲಾ ಕೊಲ್ಲಿಯ ಸ್ಪೇನಿನ ಹಡಗುಪಡೆ ನಾಶವಾಯಿತು. ಆದರೆ ಹಡಗುಗಳನ್ನು ಮುಳುಗಿಸುವ ಯೋಜನೆಯಿದ್ದರೂ ದ್ವೀಪಗಳನ್ನು ಆಳುವ ಯೋಜನೆ ಅಲ್ಲಿರಲಿಲ್ಲ. ಅಧ್ಯಕ್ಷ ಮೆಕಿನ್ಲೆ ಮೊದಲು ಸೈನ್ಯ ಕಳುಹಿಸಿ, ಬಳಿಕ ಮನಿಲಾವನ್ನಷ್ಟೇ ಉಳಿಸಿಕೊಳ್ಳುವ ಮಾತಾಡಿ, ಶರತ್ಕಾಲದ ಹೊತ್ತಿಗೆ ಇಡೀ ದ್ವೀಪಸಮೂಹವನ್ನೇ ಕೇಳುವ ತೀರ್ಮಾನಕ್ಕೆ ಬಂದನು. ಚೀನಾದ ಮಾರುಕಟ್ಟೆಯ ಆಸೆ, ಹಡಗುಗಳಿಗೆ ಕಲ್ಲಿದ್ದಲು ನೆಲೆಗಳ ಅಗತ್ಯ, ತಾನು ಬಿಟ್ಟರೆ ಜರ್ಮನಿ ಹಿಡಿದೀತೆಂಬ ಅಂಜಿಕೆ, ಇವೆಲ್ಲ ಅದರ ಹಿಂದಿದ್ದವು. ಹವಾಯಿಯನ್ನು ಸೇರಿಸಿಕೊಳ್ಳುವ ಪ್ರಸ್ತಾಪ ವರ್ಷಗಳಿಂದ ಕೊಳೆಯುತ್ತಿದ್ದುದು ಯುದ್ಧದ ನಡುವೆಯೇ, ಜುಲೈ 7ರಂದು, ಕಾನೂನಾದದ್ದೂ ಆಕಸ್ಮಿಕವಲ್ಲ.

ಗುವಾಮ್ ಹೇಗೆ ದಕ್ಕಿತೆಂಬುದು ಈ ಯುದ್ಧದ ಹಗುರತನವನ್ನು ತೋರಿಸುತ್ತದೆ. ಜೂನ್ 20ರಂದು ಚಾರ್ಲ್ಸ್‌ಟನ್ ಎಂಬ ನೌಕೆ ಅಲ್ಲಿನ ಹಳೆಯ ಕೋಟೆಯತ್ತ ಗುಂಡು ಹಾರಿಸಿದಾಗ ಮರುಗುಂಡು ಬರಲಿಲ್ಲ. ಬದಲಿಗೆ ಸ್ಪೇನಿನ ಅಧಿಕಾರಿಗಳು ದೋಣಿಯಲ್ಲಿ ಬಂದು, ತಮ್ಮಲ್ಲಿ ಮದ್ದಿಲ್ಲದ ಕಾರಣ ಗೌರವವಂದನೆಗೆ ಪ್ರತಿವಂದನೆ ಸಲ್ಲಿಸಲಾಗಲಿಲ್ಲವೆಂದು ಕ್ಷಮೆ ಕೇಳಿದರು. ಯುದ್ಧ ಆರಂಭವಾಗಿ ಎರಡು ತಿಂಗಳಾಗಿದ್ದರೂ ಆ ಸುದ್ದಿ ಅವರನ್ನು ಮುಟ್ಟಿರಲಿಲ್ಲ. ಮರುದಿನ ದ್ವೀಪ ಶರಣಾಯಿತು.

ಉತ್ತರ: ಪೂರ್ವದ್ವೀಪ

ಮೇಲಿನವರು ಹೇಳಿದ್ದು ಸರಿ, ಆದರೆ ಎಲ್ಲವೂ ವಾಷಿಂಗ್ಟನ್ನಿನ ಕಿಟಕಿಯಿಂದ ಕಂಡದ್ದು. ಫಿಲಿಪ್ಪೀನರು ಈ ಯುದ್ಧಕ್ಕಿಂತ ಮೊದಲೇ, 1896ರಿಂದ, ಸ್ಪೇನಿನ ವಿರುದ್ಧ ಹೋರಾಡುತ್ತಿದ್ದರು. ಗಡೀಪಾರಾಗಿ ಹಾಂಗ್‌ಕಾಂಗಿನಲ್ಲಿದ್ದ ಅವರ ನಾಯಕ ಎಮಿಲಿಯೊ ಅಗಿನಾಲ್ಡೊನನ್ನು 1898ರ ಮೇ ತಿಂಗಳಲ್ಲಿ ತಾಯ್ನಾಡಿಗೆ ತಂದಿಳಿಸಿದ್ದು ಡ್ಯೂಯಿಯ ಪಡೆಯ ಹಡಗೇ. ಜೂನ್ 12ರಂದು ಕವಿಟ್ ಪಟ್ಟಣದಲ್ಲಿ ಅವರು ಸ್ವಾತಂತ್ರ್ಯ ಸಾರಿದರು. ಆಗಸ್ಟ್ ಹೊತ್ತಿಗೆ ಮನಿಲಾವನ್ನು ನೆಲದ ಕಡೆಯಿಂದ ಸುತ್ತುವರಿದಿದ್ದರು.

ಆಗ ನಡೆದದ್ದನ್ನು ನಾಟಕವೆನ್ನದೆ ವಿಧಿಯಿಲ್ಲ. ಫಿಲಿಪ್ಪೀನರ ಕೈಗೆ ನಗರ ಬೀಳುವುದಕ್ಕಿಂತ ಅಮೆರಿಕನ್ನರಿಗೆ ಒಪ್ಪಿಸುವುದೇ ಮೇಲೆಂದುಕೊಂಡ ಸ್ಪೇನಿನ ಗವರ್ನರ್, ಬೆಲ್ಜಿಯಂ ಕಾನ್ಸಲನ ಮಧ್ಯಸ್ಥಿಕೆಯಲ್ಲಿ ಗುಟ್ಟಾಗಿ ಒಪ್ಪಂದ ಮಾಡಿಕೊಂಡನು. ಮಾನ ಉಳಿಯಲೆಂದು ಸ್ವಲ್ಪ ಗುಂಡಿನ ಕಾಳಗ, ಬಳಿಕ ಬಿಳಿಯ ಬಾವುಟ, ಫಿಲಿಪ್ಪೀನರಿಗೆ ಮಾತ್ರ ಒಳಗೆ ಪ್ರವೇಶವಿಲ್ಲ. ಇದು ನಡೆದದ್ದು ಆಗಸ್ಟ್ 13ರಂದು. ಹಿಂದಿನ ದಿನವೇ ಕದನವಿರಾಮಕ್ಕೆ ಸಹಿ ಬಿದ್ದಿತ್ತು, ಆದರೆ ಮೇ ತಿಂಗಳಲ್ಲಿ ಡ್ಯೂಯಿ ತಾನೇ ಸಮುದ್ರದಡಿಯ ತಂತಿಯನ್ನು ಕತ್ತರಿಸಿದ್ದರಿಂದ ಸುದ್ದಿ ಸಕಾಲಕ್ಕೆ ತಲುಪಲಿಲ್ಲ.

ಪ್ಯಾರಿಸ್ಸಿನ ಮಾತುಕತೆಗೆ ಅಗಿನಾಲ್ಡೊನ ಪ್ರತಿನಿಧಿ ಫೆಲಿಪೆ ಅಗೊನ್ಸಿಲ್ಲೊನನ್ನು ಸೇರಿಸಿಕೊಳ್ಳಲಿಲ್ಲ. ಸ್ಪೇನಿಗೆ 2 ಕೋಟಿ ಡಾಲರ್ ಕೊಟ್ಟು ದ್ವೀಪಗಳನ್ನು ಪಡೆಯಲಾಯಿತು. 1899ರ ಫೆಬ್ರವರಿ 4ರ ರಾತ್ರಿ ಮನಿಲಾದ ಹೊರವಲಯದಲ್ಲಿ ಅಮೆರಿಕನ್ನರಿಗೂ ಫಿಲಿಪ್ಪೀನರಿಗೂ ಗುಂಡಿನ ಚಕಮಕಿ ಹತ್ತಿಕೊಂಡಿತು. ಎರಡು ದಿನಗಳ ಬಳಿಕ ಸೆನೆಟ್ 57–27 ಮತಗಳಿಂದ ಒಪ್ಪಂದವನ್ನು ಅನುಮೋದಿಸಿತು, ಬೇಕಿದ್ದ ಮೂರನೇ ಎರಡರಷ್ಟಕ್ಕಿಂತ ಒಂದೇ ಮತ ಹೆಚ್ಚು. ಸ್ಪೇನಿನೊಡನೆ ನಡೆದ ಕಾಳಗಗಳಲ್ಲಿ ಸತ್ತ ಅಮೆರಿಕನ್ನರು ಸುಮಾರು 400. ಫಿಲಿಪ್ಪೀನ್ಸಿನಲ್ಲಿ 1902ರವರೆಗೆ ಸತ್ತವರು 4,000ಕ್ಕೂ ಹೆಚ್ಚು. ಫಿಲಿಪ್ಪೀನ್ಸಿನ ಸುಮಾರು 20,000 ಹೋರಾಟಗಾರರೂ, ಹಿಂಸೆ, ಹಸಿವು, ಕಾಲರಾಗಳಿಗೆ ತುತ್ತಾದ ಸುಮಾರು 2 ಲಕ್ಷ ನಾಗರಿಕರೂ ಸತ್ತರೆಂಬುದು ಸಾಮಾನ್ಯ ಅಂದಾಜು. ಆದ್ದರಿಂದ ಪ್ರಶ್ನೆಯಲ್ಲಿರುವ ‘ನಾಲ್ಕು ತಿಂಗಳೂ ತುಂಬದ ಯುದ್ಧ’ ಎಂಬ ಲೆಕ್ಕಕ್ಕೇ ನನ್ನ ಆಕ್ಷೇಪವಿದೆ: ಸ್ಪೇನನ್ನು ಸೋಲಿಸಿದ ಯುದ್ಧ ಚಿಕ್ಕದು, ವಸಾಹತನ್ನು ಗೆದ್ದ ಯುದ್ಧ ಮೂರು ವರ್ಷ ದಾಟಿತು.

ಉತ್ತರ: ಕಾನೂನು ಓದುಗ

ಅಮೆರಿಕ ಅದಕ್ಕೂ ಮೊದಲು ನೆಲ ನುಂಗಿರಲಿಲ್ಲವೇ ಎಂದು ಯಾರಾದರೂ ಕೇಳುವ ಮುನ್ನ ಒಂದು ಮಾತು. ಮೂಲನಿವಾಸಿಗಳಿಂದಲೂ ಮೆಕ್ಸಿಕೊದಿಂದಲೂ ಕಸಿದ ನೆಲ ಕಡಿಮೆಯದೇನಲ್ಲ. ಆದರೆ ಅಂಥ ಪ್ರದೇಶ ಇಂದಲ್ಲ ನಾಳೆ ಒಕ್ಕೂಟದ ರಾಜ್ಯವಾಗುತ್ತದೆಂಬ ವಾಡಿಕೆಯಿತ್ತು. 1898ರಲ್ಲಿ ಸ್ಪೇನಿನಿಂದ ಪಡೆದ ದ್ವೀಪಗಳಿಗೆ ಆ ವಾಡಿಕೆ ಅನ್ವಯಿಸಲಿಲ್ಲ, ಮತ್ತು ಅದನ್ನು ತೀರ್ಮಾನಿಸಿದ್ದು ಕಿತ್ತಳೆ ಹಣ್ಣಿನ ವ್ಯಾಜ್ಯ. ಪೋರ್ಟೊರಿಕೊದಿಂದ ನ್ಯೂಯಾರ್ಕಿಗೆ ಕಿತ್ತಳೆ ತರಿಸಿದ ಡೌನ್ಸ್ ಎಂಬ ವ್ಯಾಪಾರಿ ಸಂಸ್ಥೆಯಿಂದ ಸುಂಕ ವಸೂಲಾಯಿತು. ದ್ವೀಪ ಅಮೆರಿಕದ್ದೇ ಆಗಿದ್ದರೆ ಸುಂಕವೆಲ್ಲಿಯದು ಎಂದು ಅವರು ಮೊಕದ್ದಮೆ ಹೂಡಿದರು. 1901ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಸುಂಕವನ್ನು ಎತ್ತಿಹಿಡಿಯಿತು. ದ್ವೀಪ ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗವಲ್ಲ ಎಂಬುದು ಆ ತೀರ್ಪಿನ ಸಾರ. ಸೈನ್ಯ ಗೆದ್ದುಕೊಟ್ಟದ್ದನ್ನು ಸಂವಿಧಾನದ ಹಂಗಿಲ್ಲದೆ ಆಳಲು ದಾರಿಮಾಡಿದ್ದು ಇದೇ ತೀರ್ಪೆಂದು ನನ್ನ ಅಭಿಪ್ರಾಯ. ಪೋರ್ಟೊರಿಕೊದವರಿಗೆ 1917ರಲ್ಲಿ ಪೌರತ್ವ ಸಿಕ್ಕಿತಾದರೂ ದ್ವೀಪದಲ್ಲಿ ವಾಸಿಸುವವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಇಂದಿಗೂ ಮತವಿಲ್ಲ.

ಮರುಪ್ರಶ್ನೆ: ಇತಿಹಾಸಾಸಕ್ತ

ಎಲ್ಲರಿಗೂ ಧನ್ಯವಾದಗಳು. ಪೂರ್ವದ್ವೀಪ ಅವರ ಆಕ್ಷೇಪವನ್ನು ಒಪ್ಪುತ್ತೇನೆ. ಒಂದೇ ಸಂದೇಹ ಉಳಿದಿದೆ: ಕ್ಯೂಬಾದ ವಿಷಯದಲ್ಲಾದರೂ ಟೆಲ್ಲರ್ ತಿದ್ದುಪಡಿಯ ಮಾತು ನಡೆಯಿತೇ?

ಉತ್ತರ: ನೌಕಾನಕ್ಷೆ

ಅಕ್ಷರಶಃ ನಡೆಯಿತು. ಆದರೆ 1898ರ ಜುಲೈನಲ್ಲಿ ಸಾಂಟಿಯಾಗೊ ನಗರ ಶರಣಾದಾಗಲೇ ಮುಂದಿನ ದಾರಿ ಕಾಣುತ್ತಿತ್ತು; ಅಲ್ಲಿಯವರೆಗೆ ಜೊತೆಗೂಡಿ ಹೋರಾಡಿದ ಕ್ಯೂಬಾದ ಸೇನಾನಿ ಕಾಲಿಕ್ಸ್ಟೊ ಗಾರ್ಸಿಯನ ಪಡೆಯನ್ನು ನಗರದೊಳಗೆ ಬಿಡಲಿಲ್ಲ. 1901ರಲ್ಲಿ ಪ್ಲ್ಯಾಟ್ ತಿದ್ದುಪಡಿ ಬಂತು. ಕ್ಯೂಬಾ ಬೇರೆ ದೇಶಗಳೊಡನೆ ತನ್ನ ಸ್ವಾತಂತ್ರ್ಯಕ್ಕೆ ಕುಂದು ತರುವ ಒಪ್ಪಂದ ಮಾಡಿಕೊಳ್ಳಬಾರದು, ತೀರಿಸಲಾಗದ ಸಾಲ ಎತ್ತಬಾರದು, ಅಮೆರಿಕಕ್ಕೆ ಮಧ್ಯಪ್ರವೇಶದ ಹಕ್ಕಿರಬೇಕು, ನೌಕಾನೆಲೆಗೆ ಜಾಗ ಕೊಡಬೇಕು. ಇದನ್ನು ತನ್ನ ಸಂವಿಧಾನಕ್ಕೆ ಸೇರಿಸಿಕೊಳ್ಳದಿದ್ದರೆ ಸೈನ್ಯ ಹೊರಡುವುದಿಲ್ಲವೆಂಬ ಷರತ್ತೂ ಇತ್ತು. ನಮ್ಮ ಶಾಲಾಪುಸ್ತಕಗಳಲ್ಲಿ ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಯನ್ನು ಓದಿದವರಿಗೆ ಈ ಕಲಮುಗಳು ಹೊಸದೆನಿಸಲಾರವು. 1902ರ ಮೇ 20ರಂದು ಬಾವುಟ ಬದಲಾಯಿತು, 1906ರಲ್ಲಿ ಅಮೆರಿಕದ ಸೈನ್ಯ ಮತ್ತೆ ಬಂದು 1909ರವರೆಗೆ ಉಳಿಯಿತು. ಪ್ಲ್ಯಾಟ್ ತಿದ್ದುಪಡಿ 1934ರಲ್ಲಿ ರದ್ದಾಯಿತು, ಆದರೆ 1903ರಲ್ಲಿ ಗುತ್ತಿಗೆಗೆ ಪಡೆದ ಗ್ವಾಂಟನಾಮೊ ನೆಲೆಯನ್ನು 1934ರ ಹೊಸ ಒಪ್ಪಂದ ಉಳಿಸಿಕೊಂಡಿತು. ಎರಡೂ ದೇಶಗಳು ಒಪ್ಪಿದರೆ ಅಥವಾ ಅಮೆರಿಕ ತಾನಾಗಿ ತೊರೆದರೆ ಮಾತ್ರ ಆ ಗುತ್ತಿಗೆ ಕೊನೆಗೊಳ್ಳುತ್ತದೆ.